ಹನ್ನೊಂದನೇ ಪ್ರಶ್ನೆ

ಕರೆಂಟು ಹೋದ ಹೊತ್ತಿಗೇ ಬಂದಳು ಗೌಸಿಯಾ,
ಕಂಕುಳಲ್ಲಿ ಫೈಲು, ಕೈಯಲ್ಲಿ ಮೊಬೈಲಿನ ಟಾರ್ಚು.
"ಹತ್ತು ಮುಗಿದವು ಅಕ್ಕಾ, ಇನ್ನೊಂದೇ ಪ್ರಶ್ನೆ.
ಬೀಡಿ, ಸಿಗರೇಟು, ಏನಾದರೂ?"

ನಾನು ಅವನ ಮುಖ ನೋಡಿದೆ.
ಅವನು ಗೋಡೆಯ ಕ್ಯಾಲೆಂಡರು ನೋಡಿದ.
ಅದರ ತುಂಬ ಹಾಲಿನ ಲೆಕ್ಕ, ಗ್ಯಾಸು ಬಂದ ತಾರೀಕು,
ಮೂಲೆಯಲ್ಲಿ ಅವನದೇ ಅಕ್ಷರ: ಇವತ್ತಿಂದ ಬಿಟ್ಟೆ.
ಅದು ಹೋದ ವರ್ಷದ ಕ್ಯಾಲೆಂಡರು.

ಹೌದು ಅಂದರೆ ವರ್ಷಕ್ಕೆ ಮೂವತ್ತೊಂದು ಸಾವಿರ,
ಇಲ್ಲ ಅಂದರೆ ಹದಿನೆಂಟು.
ನಡುವಿನ ಹದಿಮೂರು ಸಾವಿರ
ಕರೆಯದೆ ಬಂದ ನೆಂಟನ ಹಾಗೆ
ಚಪ್ಪಲಿಯನ್ನೂ ಬಿಚ್ಚದೆ ಒಳಗೆ ಬಂದು ಕೂತಿತು.

"ಇಲ್ಲ ಅಂತ ಬರಿ ತಾಯಿ," ಅಂದ ಬೈಯಣ್ಣ,
"ನಾನೇನು ಸಿಗರೇಟು ಸೇದ್ತೀನಾ? ಬರೀ ಬೀಡಿ."
ಗೌಸಿಯಾ ನಗಲಿಲ್ಲ.
ಅವಳಪ್ಪ ಹೀಗೇ ಒಂದು ಇಲ್ಲ ಬರೆಸಿ ಹೋದವನು.
ಅಮ್ಮನಿಗೆ ಬಂದದ್ದು ಎರಡೇ ಸಾಲಿನ ಕಾಗದ.
ಇಷ್ಟನ್ನೂ ಫೈಲಿನ ದಾರ ಕಟ್ಟುತ್ತಾ ಹೇಳಿದಳು,
ಬೇರೆ ಯಾರದೋ ಮನೆಯ ಮಾತಿನಂತೆ.
"ಚಿಕ್ಕಬಳ್ಳಾಪುರದ ಲ್ಯಾಬಿನವರೂ ಬರ್ತಾರೆ ಅಣ್ಣಾ.
ರಕ್ತ, ಮೂತ್ರ, ಎರಡೂ."

ರಾತ್ರಿ ಸಾರು ಬಿಸಿಗಿಟ್ಟಾಗ ಬಂದು ನಿಂತ ಬೆನ್ನ ಹಿಂದೆ.
ಇಪ್ಪತ್ತಾರು ವರ್ಷದಲ್ಲಿ ಬಾಯಿಬಿಟ್ಟು ಏನೂ ಬೇಡದವನು
ನನ್ನ ಸೆರಗಿನ ಎಳೆಯೊಂದನ್ನು ಎಳೆಯುತ್ತಾ ಕೇಳಿದ:
"ಬಾಟಲಿಗೆ ನಿಂದು ಕೊಟ್ಟರೆ ಆಗಲ್ವೇನೆ?"

ನಕ್ಕೆ. ನಗುತ್ತಾ ನಗುತ್ತಾ ಸೌಟು ಕೈಜಾರಿತು.
ಆಮೇಲೆ ನಗು ಕೆಮ್ಮಾಯಿತು,
ಕೆಮ್ಮು ನಿಲ್ಲಲಿಲ್ಲ.

ಇಷ್ಟು ವರ್ಷ ನಿನ್ನ ಪಕ್ಕ ಮಲಗಿದ್ದೀನಿ ಮಾರಾಯ,
ನನ್ನ ದಿಂಬೂ ಸೇದುತ್ತೆ, ನನ್ನ ಜಡೆಯೂ ಸೇದುತ್ತೆ.
ಹಗಲೆಲ್ಲ ಗೂಡು ಬೇಯುವ ಬಾಂಡ್ಲಿಯ ಮುಂದೆ,
ಸತ್ತ ಹುಳುವಿನ ಆವಿ, ಹಸಿ ಸೌದೆಯ ಹೊಗೆ,
ಬೆರಳ ತುದಿ ಬೆಂದು ಬಿಳಿಚಿ ಎಷ್ಟು ಕಾಲವಾಯಿತು.
ನನ್ನದರಲ್ಲಿ ಏನೇನು ಸಿಗುತ್ತೋ ಯಾರಿಗೆ ಗೊತ್ತು.
ಅದನ್ನು ಕೇಳುವ ಪ್ರಶ್ನೆ ಆ ಅರ್ಜಿಯಲ್ಲಿ ಇಲ್ಲ.

ಅವನು ಮಾತಾಡಲಿಲ್ಲ. ಅಂಗಳಕ್ಕೆ ಹೋದ.
ಕಡ್ಡಿ ಗೀರಿದ ಸದ್ದು.
ಇನ್ನೊಂದು ಕಡ್ಡಿ. ಗಾಳಿಯಿತ್ತು.

ಭಾನುವಾರ ಮಗಳ ಹಳೇ ನೋಟುಬುಕ್ಕು ಬಿಚ್ಚಿ ಕೂತೆವು.
ಐವತ್ತು ಲಕ್ಷ ಯಾಕೆ ಅಂದೆ,
ನಿನ್ನನ್ನು ಅಷ್ಟಕ್ಕೆ ಯಾರೂ ಕೂಗಲ್ಲ ಹರಾಜಿನಲ್ಲಿ.
ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತವನು,
ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ಹುಳುವಿನ ಗತಿ ಹೇಳಬಲ್ಲವನು,
ತನ್ನ ಎದೆಯನ್ನು ಯಾವತ್ತೂ ಅಲ್ಲಾಡಿಸಿ ನೋಡಿದವನಲ್ಲ.

ಇಪ್ಪತ್ತು ಲಕ್ಷ ಸಾಕು, ಹನ್ನೆರಡು ವರ್ಷ ಸಾಕು.
ಅಷ್ಟರಲ್ಲಿ ಮನೆ ಸಾಲ ತೀರುತ್ತೆ,
ಮಗಳು ನರ್ಸಿಂಗು ಮುಗಿಸಿ ಕೆಲಸಕ್ಕೆ ನಿಂತಿರುತ್ತಾಳೆ.
ಹೌದು ಎಂದೇ ಬರೆದರೂ ಹದಿಮೂರು ಸಾವಿರದೊಳಗೆ ಬರುತ್ತೆ.
ಅದೇ ಹದಿಮೂರು. ನೆಂಟ ಕಡೆಗೂ ಚಪ್ಪಲಿ ಬಿಟ್ಟ.

ಸೋಮವಾರ ಗೌಸಿಯಾ ಪೆನ್ನು ಕೊಟ್ಟಳು.
ಮೂಟೆಯ ಮೇಲೆ ಲಾಟ್ ನಂಬರು ಬರೆಯುವ ದಪ್ಪ ಅಕ್ಷರದಲ್ಲಿ
ಹೌದು ಬರೆದ. ಚೌಕದಿಂದ ಹೊರಗೆ ಬಂತು.
ದಿನಕ್ಕೆ ಎಷ್ಟು? ಹತ್ತು ಎಂದು ಬರೆದ.
ನಾನು ಏನೂ ಅನ್ನಲಿಲ್ಲ, ಸುಮ್ಮನೆ ನೋಡಿದೆ.
ಹೊಡೆದು ಹಾಕಿ ಹದಿನೆಂಟು ಎಂದು ಬರೆದ.

"ಈಗ ನಿಮ್ಮದು ಅಕ್ಕಾ."
ನನಗೆ ಇಲ್ಲ ಎಂದು ಬರೆಯಬೇಕಿತ್ತು. ಬರೆದೆ.
ಬರೆಯುವಾಗ ಕೆಮ್ಮು ಬಂತು.
ಗೌಸಿಯಾ ಕಿಟಕಿಯಾಚೆ ನೋಡಿದಳು.
ಅವನು ಎದ್ದು ಹೋಗಿ ನೀರು ತಂದ,
ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.