ನೆಲ ಡೊಂಕು

ಹತ್ತೊಂಬತ್ತು ವರ್ಷ ಆತು ನಾ ಈ ಕುಣಿಯೊಳಗ ಕುಂತು.
ಮಚ್ಛೆ ದಾಟಿದರ ಗುಡ್ಡ, ಗುಡ್ಡದ ಹೊಟ್ಟಿಗೆ ಫೈರಿಂಗ್ ರೇಂಜು,
ಗುರಿಹಲಗಿ ಮ್ಯಾಲ, ನಾ ಕೆಳಗ,
ಕೈಯಾಗ ಮೈದಾಹಿಟ್ಟಿನ ಅಂಟು, ಹಳೇ ಪೇಪರಿನ ತುಣುಕು.
ಅವರು ತೂತು ಹೊಡೀತಾರ. ನಾ ಮುಚ್ಚತೇನಿ.

ಕಲಸೋರ ಮಾತು ಇಲ್ಲೀತನಕ ಬರೂದಿಲ್ಲ,
ಗುಂಡಷ್ಟ ಬರತಾವ.
ಮಾತು ಬೇಕಂದ್ರ ಚಾದ ಹೊತ್ತಿಗೆ ಮ್ಯಾಲ ಹೋಗಬೇಕು.

"ಉಸಿರು ಪೂರಾ ಹಿಡಿ" ಅಂತಿದ್ದ ಮೊದಲಿನ ಮಾಸ್ತರ.
"ಅರ್ಧಾ ಬಿಡು, ಆಮ್ಯಾಲ ಹಿಡಿ" ಅಂತಾನ ಕಿಲ್ಲೇಕರ ಹವಾಲ್ದಾರ.
ಇಬ್ಬರದೂ ಅದ ದನಿ,
ಸಂಶೇವನ್ನ ಬೂಟಿನ ಕೆಳಗ ಬೀಡಿಹಂಗ ಹೊಸಕಿದ ದನಿ.
ತೂತು ಮಾತ್ರ ಇಬ್ಬರ ಕಾಲದಾಗೂ ಅಷ್ಟಷ್ಟ ಚದುರಿದ್ವು.

ಈ ಸಲ ಒಬ್ಬಾಕಿ ಬಂದಾಳ, ಕಾಳಿಕಾ ಬಡಿಗೇರ, ಬೈಲಹೊಂಗಲದಾಕಿ.
ಹತ್ತು ಗುಂಡು, ಹತ್ತೂ ಎಡಕ್ಕ,
ಒಂದ ಅಂಗೈಲೆ ಮುಚ್ಚೂವಷ್ಟು ಒತ್ತಾಗಿ.
"ಬೆರಳು ಜಗ್ಗತೀದಿ" ಅಂದ ಹವಾಲ್ದಾರ.
"ಬೆರಳಿನ ತಪ್ಪಾದ್ರ ಒಂದೊಂದು ಸಲ ಒಂದೊಂದು ಕಡೆ ಹೋಗಬೇಕಲ್ರೀ?"
"ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ!"
ಎಲ್ಲಾರೂ ನಕ್ಕರು. ನಾನೂ ನಕ್ಕೆ,
ಅವರ ಚಾ ಕೈಯಾಗಿತ್ತು.

"ನಮ್ಮಪ್ಪ ಮೊದಲ ನೆಲಕ್ಕ ರಸಮಟ್ಟ ಇಟ್ಟು ನೋಡತಾನ್ರೀ," ಅಂದ್ಲು ಆಕಿ,
"ಬೈಯೂದು ಆಮ್ಯಾಲ."
ರೈಫಲ್ ತಲಿಮ್ಯಾಲ, ಐದು ಸುತ್ತು.

ಮೂವತ್ತೇಳನೇ ನಂಬರಿನ ರೈಫಲ್ ಅದು.
ನಾಕು ಬ್ಯಾಚಿನಿಂದ ನೋಡೇನಿ,
ಯಾವ ಸಾಲಿಗೆ ಅದು ಬಂತೋ ಆ ಸಾಲಿನ ಹಲಗಿಗೆ
ಎಡಗಡೇನ ತುಣುಕು ಹಚ್ಚೇನಿ.
ಕೇಳಿದವರಿಲ್ಲ. ಹೇಳಿದವನೂ ಅಲ್ಲ ನಾ. ದಿನಗೂಲಿ.

ಹಂಗಂತ ಹವಾಲ್ದಾರನ ಮಾತೆಲ್ಲಾ ಹೊಟ್ಟಲ್ಲ.
"ಖಾಲಿ ಅಂತ ನಂಬಬ್ಯಾಡ, ತೆರದು ನೋಡು" ಅಂತಾನಲ್ಲ,
ಅದು ಕಾಳು.
ಆ ಒಂದು ಮಾತಿಲ್ಲದಿದ್ರ, ಒಂದು ಮಳಿಗಾಲ,
ಈ ಕುಣಿಯಿಂದ ನಾ ಎದ್ದು ಬರತಿದ್ದಿಲ್ಲ.
ಆದ್ರ ತನ್ನ ಮಾತನ್ನೂ ಹಂಗ ತೆರದು ನೋಡ್ರಿ ಅಂತ
ಅಂವ ಎಂದೂ ಹೇಳಿಲ್ಲ.

ಸಂಜೀಕ ಬಂದ್ಲು, ಮೊಣಕಾಲಿಗೆ ಕೆಂಪು ಮಣ್ಣು.
"ಕಾಕಾ, ನನ್ನ ಗುರಿಕಾಗದ ಇಟ್ಟೀರೇನು?"
ಇಟ್ಟಿದ್ದೆ. ಆಕಿದಷ್ಟ ಅಲ್ಲ,
ಹೋದ ವರ್ಷದ್ದು, ಅದರಾಚೀ ವರ್ಷದ್ದು,
ಟ್ರಂಕಿನ ತಳಕ್ಕ ಹಾಸಿದ್ವು.
ನೆಲದಮ್ಯಾಲ ಸಾಲಾಗಿ ಹರವಿದ್ವಿ,
ಗಾಳಿಗೆ ಹಾರಬಾರದಂತ ಮೂಲಿಗೆ ಅಂಟಿನ ಡಬ್ಬಿ.

ಹಿಂದ ಬೂಟಿನ ಸಪ್ಪಳ ಬಂತು.
ಆಕಿ ತಲಿ ಎತ್ತಲಿಲ್ಲ.
ಎಣಸಾಕತ್ತಿದ್ಲು.