ಚಲೋ ಅಂದ್ರ ಎಷ್ಟು

ಹೆಡ್ ಆಫೀಸಿಂದ ಬಂದ ಹಾಳ್ಯಾಗ ಮೂರು ಕಾಲಂ:
ಗುರಿ, ಅಳತಿ, ತಾರೀಖು.
ಮ್ಯಾಲ ಟೈಪ್ ಆಗ್ಯಾದ: ಭಾಗ್ಯವಂತಿ, ಜೂನಿಯರ್, ಬ್ಯಾಳಿ ಲ್ಯಾಬ್,
ಕಪನೂರ, ಕಲಬುರಗಿ.
ಕೆಳಗ ನಾನು. ಶಾಂತಾಬಾಯಿ ಅಂತ.
ನಾ ಕಾಂತಾಬಾಯಿ. ಇರಲಿ,
ಇಪ್ಪತ್ತೆರಡು ವರ್ಷದಾಗ ಅದೂ ರೂಢಿ ಆಗ್ಯಾದ.

ಹೊರಗ ಅಫಜಲಪುರದ ಲಾರಿ ಹಿಂದಕ್ಕ ಸರೀಲಿಕ್ಕತ್ತದ,
ಹಮಾಲರು ತಾಡಪತ್ರಿ ಬಿಚ್ಚಲಿಕ್ಕತ್ತಾರ,
ತೊಗರಿ ಹೊಟ್ಟಿನ ಧೂಳು ಬಂದು
ನನ್ನ ಚಹಾದ ಕೆನಿ ಮ್ಯಾಲ ಕುಂತದ.

"ಚಲೋ ಕಲೀಬೇಕು" ಅಂತ ಬರದಿದ್ದೆ ಮೊದಲ.
ವಾಪಸ್ ಬಂತು, ಕೆಂಪು ಗೆರಿ ಹೊಡಕೊಂಡು:
ಚಲೋ ಅಂದ್ರ ಎಷ್ಟು?

ಎಷ್ಟು.
ಚಾಂದ್‌ಪಾಶಾ ಉಸ್ತಾದರು ನನಗ ಕಲಿಸುವಾಗ
ಈ ಮಾತೇ ಇರಲಿಲ್ಲ.
ಚೀಲಕ್ಕ ಪರಖಿ ಚುಚ್ಚಿ, ಒಂದು ಹಿಡಿ ಬ್ಯಾಳಿ
ನನ್ನ ಅಂಗೈಗೆ ಸುರದು "ಹೇಳು" ಅಂತಿದ್ರು.
ತಪ್ಪು ಹೇಳಿದ್ರ ಮಾತಿಲ್ಲ,
ಎಲಿ ಅಡಿಕಿ ಬಾಯಿಗೆ ಒತ್ತಿ ಅತ್ತ ತಿರುಗೋರು.
ಖರೆ ಹೇಳಿದ್ರೂ ಹಂಗೇ.
ನಾಕು ವರ್ಷ ತಿಳೀಲೇ ಇಲ್ಲ
ನಾ ಕಲತೀನೋ ಇಲ್ಲೋ ಅಂತ.
ಅವರು ತೀರಿಕೊಂಡ ಮ್ಯಾಲ ಮಗ ಹೇಳಿದ:
"ಅಬ್ಬಾ ನಿಮ್ಮ ಸುದ್ದಿ ಭಾಳ ಹೇಳತಿದ್ರು, ಮನ್ಯಾಗ."
ಮನ್ಯಾಗ!

ಅದಕ್ಕ, ಬೈಕೋತಾನೇ, ಬರದೆ:
ನೂರು ಗ್ರಾಂ ಸ್ಯಾಂಪಲ್, ಹನ್ನೆರಡು ನಿಮಿಷ.
ನುಚ್ಚು, ಹುಳಾ ಹೊಡದದ್ದು, ಮಣ್ಣು, ಹೊಟ್ಟು
ಎಲ್ಲಾ ಬ್ಯಾರೆ ಬ್ಯಾರೆ ತೂಕ.
ನನ್ನ ಲೆಕ್ಕಕ್ಕೂ ಆಕಿ ಲೆಕ್ಕಕ್ಕೂ
ಅರ್ಧ ಗ್ರಾಂ ಮೀರಿ ಫರಕ ಬರಬಾರದು.
ಹಸಿ ಎಷ್ಟದ ಅಂತ ಮೀಟರ್ ಹಚ್ಚೂಕಿಂತ ಮೊದಲ
ಹಲ್ಲಾಗ ಕಡದು ಹೇಳಬೇಕು;
ಹತ್ತರಾಗ ಏಳು ಸಲ ಬರಾಬರ್ ಬರಬೇಕು, ಸಾಕು.
ನನಗೂ ಏಳೇ ಬರ್ತಾವ.

ಆದ್ರ ಹೋದ ವಾರದ್ದು ಎಲ್ಲಿ ಬರೀಲಿ?
ಮಾಲಕರ ಸಡಕನ ಲಾರಿ.
ಮಿರಗದ ಮಳಿಗೆ ತೊಯ್ದ ಚೀಲ ನಡುವ ತುರುಕಿದ್ರು.
ಕೈಗೆ ಸಿಕ್ಕ ಚೀಲಕ್ಕ ಪರಖಿ ಚುಚ್ಚಿ ಎಲ್ಲಾರೂ ಇಳದು ಬಂದ್ರು.
ನಾನೂ.
ಈಕಿ ಓಢಣಿ ಸೊಂಟಕ್ಕ ಬಿಗದು ಮತ್ತೊಮ್ಮೆ ಏರಿ
ನಡುವಿನ ಚೀಲ ಎಳಸಿ, ಚುಚ್ಚಿ, ಮೂಗಿಗೆ ಹಿಡದು
"ಇದು ಬ್ಯಾಡ್ರಿ" ಅಂದಳು.
ದನಿ ಹೊಂಡಲಿಲ್ಲ. ಎರಡನೇ ಸಲ ಅನಬೇಕಾತು.
ಅದಕ್ಕ ಎಷ್ಟು ಗ್ರಾಂ?

ಸಂಜಿ ತನಕ ಕುಂತೆ.
ಕರೆಂಟ್ ಹೋತು, ಬಂತು.
ಕಡೀ ಸಾಲು:
ಗುರಿ, ಕಾಂತಾಬಾಯಿ ತಪ್ಪು ಹಿಡದು ಮುಖಕ್ಕ ಹೇಳೂದು.
ಅಳತಿ, ಎರಡು ಸಲ.
ತಾರೀಖು, ಸೆಪ್ಟೆಂಬರ್ ಮೂವತ್ತೊಂದರೊಳಗ.

ಆಕಿನ್ನ ಕರದು ಸಹಿ ಮಾಡು ಅಂದೆ.
ಕೈ ತೊಳಕೊಂಡು ಬಂದು, ಟ್ರೇದಾಗ ಬ್ಯಾಳಿ ಆರಿಸಿದಂಗ
ಒಂದೊಂದೇ ಅಕ್ಷರ ಆಚೆ ಸರಿಸಿ ಓದಿದಳು.
ಪೆನ್ನು ಎತ್ತಿದಳು. ಇಟ್ಟಳು.
ನನ್ನ ನೋಡಿದಳು, ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದಳು.

"ಅಕ್ಕಾ, ಸೆಪ್ಟೆಂಬರಿಗಿ ಮೂವತ್ತೇ ದಿನ್ರಿ."

ನಾ ಸುಮ್ಮ ಕುಂತೆ.
ಆಕಿ ಬೆರಳು ಕೆಳಗ ಇಳೀತು:
"ಇಲ್ಲಿ ಶಾಂತಾಬಾಯಿ ಅಂತ ಅದ.
ಆದ್ರ ಇದು ಟೈಪಿನವರ ತಪ್ಪು.
ಲೆಕ್ಕಕ್ಕ ಬರಂಗಿಲ್ಲೇನ್ರಿ?"

ಇಪ್ಪತ್ತೆರಡು ವರ್ಷ ತಿದ್ದಲಾರದ್ದು ಯಾರ ತಪ್ಪು?
"ಬರ್ತದ" ಅಂದೆ.

ಜೂನ್ ಇನ್ನೂ ಮುಗದಿಲ್ಲ, ಒಂದು ಸಾಲು ತುಂಬಿತು.
ಮನ್ಯಾಗ ಹೇಳೂದು ಬ್ಯಾಡಂತ
"ಶಾಬಾಸ್" ಅಂದೆ ಅಲ್ಲೇ,
ಅಷ್ಟರಾಗ ಒಡೆಯೋ ಮಷಿನ್ ಚಾಲೂ ಆತು.

"ಏನಂದ್ರಿ?" ಅಂದಳು.

ಇನ್ನೊಮ್ಮೆ ಅಂದೆ.