ಇನ್ನೊಂದು ಬಟ್ಟಲು

ಹೆತ್ತ ಮೈಯ ಬೆವರು ಆರುವ ಮೊದಲೇ
ಮುಂದೆ ಬಂದು ಕೂತಿತು ಮಿಯೊಕ್ ಸಾರು.
ಅಮ್ಮ ತಾನೇ ಮುಳುಗಿ ಕೊಯ್ದ ಕಡಲಪಾಚಿ,
ಗಿಜಾಂಗಿನ ಬಂಡೆಗಳ ಬುಡದಿಂದ,
ಮಾರ್ಚಿನ ನೀರು ಮೂಳೆ ಕೊರೆಯುವಾಗ.

ಬಾಣಂತಿಯ ಮಿಯೊಕ್ ಮುರಿಯಬಾರದು,
ಮಡಚಿ ಕಟ್ಟಬಾರದು,
ಕೊಂಡರೆ ಚೌಕಾಸಿ ಮಾಡಬಾರದು.
ನನ್ನಷ್ಟೇ ಎತ್ತರದ ಒಣ ಕಂತೆ
ಬಾಗಿಲ ಹಿಂದೆ ನಿಂತಿತ್ತು, ನೆಂಟರ ಹಾಗೆ.

ಬೆಳಿಗ್ಗೆ ಸಾರು. ಮಧ್ಯಾಹ್ನ ಸಾರು.
ನಡುರಾತ್ರಿ ಮಗು ಅತ್ತರೆ ಆಗಲೂ ಸಾರು,
ಅದೂ ದಾಸಿಮಾ ಕುದಿಸಿದ ನೀರಲ್ಲಿ.
'ತಿಮಿಂಗಿಲವೂ ಹೆತ್ತಮೇಲೆ ಇದನ್ನೇ ಮೇಯುತ್ತದೆ.'
ಕಂಡಿದ್ದೀಯಾ, ಅಂದೆ.
'ಮೂವತ್ತೆಂಟು ವರ್ಷ ಮುಳುಗಿದ್ದೇನೆ,
ಕಾಣದ್ದೂ ಗೊತ್ತು. ಕುಡಿ.'

ಹನ್ನೆರಡನೆಯ ದಿನ ಬುಸಾನಿನಿಂದ ಫೋನು.
ಹಿಮ್ಮಡಿಗೆ ಚುಚ್ಚಿ ತೆಗೆದಿದ್ದರಲ್ಲ, ಆ ಒಂದು ಹನಿ ರಕ್ತ,
ಅದು ಏನೋ ಹೇಳಿದೆಯಂತೆ.
'ದಿನಕ್ಕೆ ಎಷ್ಟು ಬಟ್ಟಲು?' ಡಾಕ್ಟರ್ ಕೇಳಿದರು.
ಐದು, ಅಂದೆ.
ಆ ಕಡೆ ಪೆನ್ನು ನಿಂತ ಸದ್ದು.

ಅಯೋಡಿನ್, ಅಂದರು.
ಕಡಲಿಂದ ಪಾಚಿಗೆ, ಪಾಚಿಯಿಂದ ನನಗೆ,
ನನ್ನ ಹಾಲಿಂದ ಅವಳಿಗೆ.
ಕತ್ತಿನೊಳಗಿನ ಆ ಪುಟ್ಟ ಥೈರಾಯ್ಡ್
ಇಷ್ಟು ಉಪ್ಪುಗಡಲು ಕಂಡು
ಕೆಲಸ ಮರೆತು ಕೂತಿದೆ.
ಹೆಚ್ಚಿನ ಮಕ್ಕಳಲ್ಲಿ ಸರಿಹೋಗುತ್ತದೆ.
ದಾಸಿಮಾ ಬೇಡ. ಸಾರು ಕಡಿಮೆ ಮಾಡಿ.
ಮತ್ತೆ ರಕ್ತ ನೋಡೋಣ.

ಅಮ್ಮ ಜಗಳವಾಡಲಿಲ್ಲ.
ಪಾತ್ರೆ ಉಜ್ಜಿದಳು, ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಿದಳು.
ಆಮೇಲೆ ಎಂದೂ ಎತ್ತದ ಮಾತು ಎತ್ತಿದಳು:
ಜೊತೆಗೆ ಮುಳುಗುತ್ತಿದ್ದ ಪಿಲ್‌ಲ್ಯೆಯ ಮಾತು.
ಉಸಿರು ಮುಗಿಯುತ್ತಿತ್ತು, ಬಂಡೆಯ ಸಂದಿಯಲ್ಲಿ
ಅಂಗೈಯಗಲ ಚಿಪ್ಪು ಕಂಡಿತು.
ಇನ್ನೊಂದು, ಅಂದುಕೊಂಡಿರಬೇಕು.
ಮೇಲೆ ತೇಲುಬುರುಡೆ ಮಾತ್ರ ಇತ್ತು,
ಕಿತ್ತಳೆ ಬಣ್ಣದ್ದು.
'ನೀರು ಕೆಟ್ಟದ್ದಲ್ಲ,' ಅಂದಳು,
'ಲೆಕ್ಕ ನಮ್ಮದು.'

ಬಾಗಿಲ ಹಿಂದೆ ಹೋದಳು.
ಕೇಳಿಸಿತು:
ಒಣ ಮಿಯೊಕ್ ಚಟ್ಟನೆ ಮುರಿದ ಸದ್ದು.
ಮಗು ಬೆಚ್ಚಿ, ಬೆರಳು ಬಿಚ್ಚಿ,
ಮತ್ತೆ ಮೊಲೆಗೆ ಬಾಯಿ ಹಾಕಿತು.
ಅಂಗೈಯುದ್ದದ ತುಂಡು ಹಿಡಿದು
ಅಮ್ಮ ಬಾಗಿಲಲ್ಲಿ ನಿಂತಿದ್ದಳು.
'ಇಷ್ಟು ಸಾಕಾ?'
ನನ್ನನ್ನಲ್ಲ, ಅವಳನ್ನು ಕೇಳಿದ್ದು.